ಜ್ಲಾಟಾನ್‌ನ ಒಂಬತ್ತು ಜೆರ್ಸಿ ಪ್ರಿಂಟ್ ಹಾಕ್ಸಿದ್ವಿ: ಬಟ್ಟೆ ಸೂಪರ್, ನಂಬರ್ ಎಡವಟ್ಟು

ನಮ್ದು ಭಾನುವಾರ ಬೆಳಗ್ಗೆ ಟರ್ಫಲ್ಲಿ ಫುಟ್‌ಬಾಲ್ ಆಡೋ ಗ್ಯಾಂಗು. ಆಡೋರು ಏಳು ಜನ, ಹೊರಗೆ ಕೂತು ಕಿರುಚೋಕೆ ಇಬ್ರು, ಒಟ್ಟು ಒಂಬತ್ತು. ಅದ್ರಲ್ಲಿ ಒಬ್ಬನಿಗೆ ಸ್ವೀಡನ್ನಿನ ಫುಟ್‌ಬಾಲ್ ಆಟಗಾರ ಜ್ಲಾಟಾನ್ ಇಬ್ರಾಹಿಮೋವಿಚ್ ಅಂದ್ರೆ ಮನೆದೇವ್ರು ಇದ್ದಂಗೆ. ಅವನಿಗೆ ಮೂವತ್ತು ತುಂಬ್ತಿತ್ತು, ಏನ್ ಕೊಡೋದು ಅಂತ ತಲೆ ಕೆರ್ಕೊಂಡು ಕೂತಿದ್ದಾಗ ಯಾರೋ ಜ್ಲಾಟಾನ್ ಆಡಿದ ಕ್ಲಬ್ಬುಗಳನ್ನ ಬೆರಳು ಮಡಚಿ ಎಣಿಸಿದ್ರು: ಮಾಲ್ಮೋ, ಅಯಾಕ್ಸ್, ಯುವೆಂಟಸ್, ಇಂಟರ್, ಬಾರ್ಸಿಲೋನಾ, ಮಿಲಾನ್, ಪ್ಯಾರಿಸ್‌ನ ಪಿಎಸ್‌ಜಿ, ಮ್ಯಾಂಚೆಸ್ಟರ್ ಯುನೈಟೆಡ್, ಎಲ್‌ಎ ಗ್ಯಾಲಕ್ಸಿ. ಏಳು ದೇಶ, ಸರಿಯಾಗಿ ಒಂಬತ್ತು ಕ್ಲಬ್ಬು! ಆಗ್ಲೇ ಡಿಸೈಡ್ ಆಯ್ತು, ಬರ್ತ್‌ಡೇ ಮ್ಯಾಚಿಗೆ ಒಬ್ಬೊಬ್ರು ಒಂದೊಂದು ಕ್ಲಬ್ ಜೆರ್ಸಿ, ಎಲ್ಲರ ಬೆನ್ನ ಮೇಲೂ ಅದೇ ಹೆಸ್ರು.

ಒರಿಜಿನಲ್ ತಗೊಳೋ ಯೋಗ್ಯತೆ ನಮಗಿಲ್ಲ, ಹಳೇ ಸೀಸನ್ನಿನದ್ದು ಸಿಗೋದೂ ಇಲ್ಲ. ಹಂಗಾಗಿ ನಮ್ಮ ಏರಿಯಾ ಹತ್ರ ಇರೋ ಒಂದು ಜೆರ್ಸಿ ಪ್ರಿಂಟಿಂಗ್ ಅಂಗಡಿಗೆ ಹೋದ್ವಿ. ಅಂಗಡಿ ಹೆಸ್ರು ಹಾಕಲ್ಲ, ಕಾರಣ ಓದ್ತಾ ಓದ್ತಾ ಗೊತ್ತಾಗುತ್ತೆ, ಮತ್ತೆ ಅಲ್ಲಿರೋ ಹುಡುಗ ಒಳ್ಳೇವ್ನು, ಅವನ ಹೊಟ್ಟೆ ಮೇಲೆ ಹೊಡಿಯೋಕೆ ಇಷ್ಟ ಇಲ್ಲ.

ಮೊದ್ಲು ಒಳ್ಳೇದು ಹೇಳಿಬಿಡ್ತೀನಿ. ಬಟ್ಟೆ ನಿಜವಾಗ್ಲೂ ಚೆನ್ನಾಗಿದೆ. ಡಾಟ್ ನಿಟ್ ಪಾಲಿಯೆಸ್ಟರ್, ಒಂದು ಜೆರ್ಸಿಗೆ 650 ರೂಪಾಯಿ, ಬೆವರು ಹಿಡ್ಕೊಳಲ್ಲ, ಒಂದು ಗಂಟೆ ಆಡಿದ್ರೂ ಮೈಗೆ ಅಂಟ್ಕೊಳಲ್ಲ. ಕ್ಲಬ್ ಲೋಗೋ ಹಾಕ್ಸಿಲ್ಲ, ಬರೀ ಬಣ್ಣ, ಪಟ್ಟೆ, ಹೆಸ್ರು, ನಂಬರ್ ಅಷ್ಟೆ. ಪಟ್ಟೆ ಎಲ್ಲಾ ಸಬ್ಲಿಮೇಷನ್ನು, ಅಂದ್ರೆ ಬಣ್ಣ ಬಟ್ಟೆ ಒಳಗೇ ಇಳಿಯುತ್ತೆ, ಕೈಯಾಡಿಸಿದ್ರೆ ಪ್ರಿಂಟ್ ಅಂತ ಗೊತ್ತಾಗಲ್ಲ. ಅಯಾಕ್ಸ್‌ದು ಬಿಳಿ ಮೇಲೆ ಆ ಅಗಲ ಕೆಂಪು ಪಟ್ಟೆ ಎಷ್ಟು ಕರೆಕ್ಟಾಗಿ ಬಂದಿದೆ ಅಂದ್ರೆ ಹೊಲಿಗೆ ಹತ್ರ ಕೂಡ ಒಂದು ನೂಲು ಆಚೀಚೆ ಆಗಿಲ್ಲ. ಮಾಲ್ಮೋದ ತಿಳಿನೀಲಿ ಮಾತ್ರ ಸ್ವಲ್ಪ ಸ್ಕೂಲ್ ಯೂನಿಫಾರ್ಮ್ ಥರ ಆಯ್ತು, ಇರ್ಲಿ.

ಈಗ ಎಡವಟ್ಟು ವಿಷ್ಯ. ಹೆಸ್ರು ನಂಬರ್ ಎರಡನ್ನೂ ವಿನೈಲ್‌ನಲ್ಲಿ ಹಾಕ್ಸಿದ್ವಿ, ಅಂದ್ರೆ ತೆಳು ಪ್ಲಾಸ್ಟಿಕ್ ಹಾಳೆ, ಹೀಟ್ ಪ್ರೆಸ್ ಮಾಡಿ ಅಂಟ್ಸೋದು. ನಾನು ವಾಟ್ಸಾಪಲ್ಲಿ ನೀಟಾಗಿ ಲಿಸ್ಟ್ ಕಳ್ಸಿದ್ದೆ, ಯಾವ ಕ್ಲಬ್ಬಿಗೆ ಯಾವ ನಂಬರ್ ಅಂತ. ನಾಲ್ಕು ದಿನ ಅಂದೋರು ಹನ್ನೊಂದು ದಿನ ಮಾಡಿ, ಕೊನೆಗೆ ಕವರ್ ಬಿಚ್ಚಿ ನೋಡಿದ್ರೆ ಒಂಬತ್ತಕ್ಕೆ ಒಂಬತ್ತೂ 10! ಹುಡುಗನ್ನ ಕೇಳಿದ್ರೆ "ಅಣ್ಣ, ಇವ್ನು ಟೆನ್ ತಾನೆ? ನಾನು ಫೋಟೋ ನೋಡ್ದೆ" ಅಂತಾನೆ. ಅವನು ನೋಡಿದ್ದು ಸ್ವೀಡನ್ ದೇಶದ ಹಳದಿ ಜೆರ್ಸಿ ಫೋಟೋ. ಅದ್ರಲ್ಲಿ 10 ನಿಜಾನೇ, 122 ಮ್ಯಾಚಲ್ಲಿ 62 ಗೋಲ್ ಹೊಡ್ದು ಆ ದೇಶದ ರೆಕಾರ್ಡ್ ಮಾಡಿದ ಮನುಷ್ಯ. ಆದ್ರೆ ಕ್ಲಬ್ ಕಥೆನೇ ಬೇರೆ ಮಾರಾಯಾ.

ಹೆಸರಲ್ಲೂ ಒಂದು ಅಕ್ಷರ ಜಾಸ್ತಿ. ನಾವು ಬಾಯಲ್ಲಿ ಇಬ್ರಾಹಿಮೋವಿಚ್ ಅಂತೀವಲ್ಲ, ಹುಡುಗ ಕಿವಿಗೆ ಬಿದ್ದಂಗೆ ಟೈಪ್ ಮಾಡಿ ಕೊನೆಗೊಂದು ಎಚ್ ಸೇರ್ಸಿದಾನೆ. ಇಂಗ್ಲಿಷಲ್ಲಿ ಮೊದ್ಲೇ 11 ಅಕ್ಷರ, ಈಗ 12, ಎಂ ಸೈಜ್ ಜೆರ್ಸಿಲಿ ಹೆಸ್ರು ಒಂದು ಕಂಕುಳಿಂದ ಇನ್ನೊಂದು ಕಂಕುಳಿಗೆ ಹೋಗಿದೆ.

ನೀವು ಕೇಳ್ಬಹುದು, ಟರ್ಫಲ್ಲಿ ಆಡೋಕೆ ನಂಬರ್ ಯಾವ್ದಾದ್ರೆ ಏನಯ್ಯಾ ಅಂತ. ಇವನ ವಿಷ್ಯದಲ್ಲಿ ನಂಬರಲ್ಲೇ ಮಜಾ ಇರೋದು. ತನ್ನನ್ನ ತಾನೇ ದೇವ್ರು ಅಂದ್ಕೊಂಡು ಓಡಾಡೋ ಈ ಮನುಷ್ಯ ಹೋದ ಹೋದ ಊರಲ್ಲೆಲ್ಲ ಖಾಲಿ ಇರೋ ನಂಬರ್ ಹಾಕ್ಕೊಂಡು ಆಡಿದಾನೆ. ಯುವೆಂಟಸಲ್ಲಿ 10 ಡೆಲ್ ಪಿಯೆರೋದು, ಹಂಗಾಗಿ ಇವನು 9. ಇಂಟರ್‌ಗೆ ಬಂದ್ರೆ 9 ಇನ್ನೊಬ್ಬರದ್ದು, ಸರಿ 8 ಕೊಡಿ ಅಂದ. ಬಾರ್ಸಾದಲ್ಲಿ 10 ಮೆಸ್ಸಿದು, ಅದ್ರ ಕಡೆ ಕಣ್ಣು ಹಾಕೋ ಹಂಗೇ ಇಲ್ಲ, ಮತ್ತೆ 9. ಮಿಲಾನಲ್ಲಿ 9 ಇಂಜಾಗಿದು, ಅಲ್ಲಿ 11. ಪ್ಯಾರಿಸ್‌ಗೆ ಹೋದಾಗ 10 ನೇನೆ ಹತ್ರ ಇತ್ತು, ಇವನು 18 ಹಾಕ್ಕೊಂಡು ಕಾದು ಆಮೇಲೆ 10 ತಗೊಂಡ. ಮ್ಯಾಂಚೆಸ್ಟರಲ್ಲೂ ಅದೇ ಕತೆ, ರೂನಿ ಇರೋವರೆಗೆ 9, ರೂನಿ ಹೋದ್ಮೇಲೆ 10. ಬಾಯಿ ಎಷ್ಟೇ ದೊಡ್ಡದಿರ್ಲಿ, ಡ್ರೆಸ್ಸಿಂಗ್ ರೂಮಲ್ಲಿ ಮೊದ್ಲು ಬಂದೋರದ್ದು ಮೊದ್ಲು, ನಮ್ಮ ಬಸ್ಸಲ್ಲಿ ಟವೆಲ್ ಹಾಕಿ ಸೀಟ್ ಹಿಡಿದಂಗೆ. ಎಲ್ಲಕ್ಕೂ 10 ಹಾಕ್ಬಿಟ್ರೆ ಈ ಕತೆ ಪೂರ್ತಿ ಹೋಯ್ತಲ್ಲ, ಅದಕ್ಕೇ ನನಗೆ ಅಷ್ಟು ಉರಿ.

ಅಂಗಡಿ ಓನರ್ ಜೊತೆ ಸ್ವಲ್ಪ ವಾದ ಆಯ್ತು. ಹುಡುಗ ಅಷ್ಟರಲ್ಲಿ ಗೂಗಲ್ ಮಾಡಿ "ಸರ್, ಎರಡು ಕರೆಕ್ಟ್ ಇದೆ ನೋಡಿ, ಪ್ಯಾರಿಸ್ಸು ಯುನೈಟೆಡ್ಡು" ಅಂದ. ತಾಂತ್ರಿಕವಾಗಿ ಹೌದು, ಹಾಳಾದೋನು ಪಾಯಿಂಟ್ ಹಿಡ್ದ. ಯುನೈಟೆಡ್ ಬಿಟ್ವಿ, ಪ್ಯಾರಿಸ್‌ಗೆ 18ನೇ ಬೇಕು ಅಂತ ಪಟ್ಟು ಹಿಡಿದ್ವಿ. ವಾಟ್ಸಾಪ್ ಲಿಸ್ಟ್ ತೋರ್ಸಿದ್ಮೇಲೆ ಓನರ್ ಮರುಮಾತಾಡದೆ ಒಪ್ಕೊಂಡ್ರು, ಎಕ್ಸ್‌ಟ್ರಾ ದುಡ್ಡು ಕೇಳ್ಲಿಲ್ಲ, ಈ ವಿಷ್ಯಕ್ಕೆ ಫುಲ್ ಮಾರ್ಕ್ಸ್.

ಆದ್ರೆ ವಿನೈಲ್ ಒಂದ್ಸಲ ಅಂಟಿದ್ಮೇಲೆ ಕೀಳೋದು ಸುಲಭ ಅಲ್ಲ. ಬಿಸಿ ಮಾಡಿ ಮೂಲೆಯಿಂದ ಮೆಲ್ಲಗೆ ಎಳೀಬೇಕು, ಗಮ್ಮಿನ ಗುರ್ತು ಉಳಿದೇ ಉಳಿಯುತ್ತೆ. ಇಂಟರ್ ಜೆರ್ಸಿ ನನ್ನ ಪಾಲಿಗೆ ಬಂದಿದ್ದು, ಬಿಸಿಲಲ್ಲಿ ನಿಂತ್ರೆ 8ರ ಆಚೀಚೆ ಹಳೇ 10 ಮಸುಕು ಮಸುಕಾಗಿ ಕಾಣುತ್ತೆ. ಯುವೆಂಟಸ್‌ದಂತೂ ಕರಿ ಪಟ್ಟೆ ಮೇಲೆ ಇನ್ನೂ ಎದ್ದು ಕಾಣುತ್ತೆ. ಹಾಕ್ಕೊಂಡಿರೋ ಗೆಳೆಯ "ಇದು ಡಿಸೈನ್ ಕಣೋ" ಅಂತಾನೆ: ಜ್ಲಾಟಾನ್ ಅಲ್ಲಿದ್ದಾಗ 2005, 2006 ಎರಡು ವರ್ಷ ಯುವೆಂಟಸ್ ಲೀಗ್ ಗೆದ್ದಿತ್ತು, ಕಾಲ್ಚೋಪೋಲಿ ಅನ್ನೋ ರೆಫರಿಗಳ ಮೇಲೆ ಪ್ರಭಾವ ಬೀರಿದ ಹಗರಣ ಆಚೆ ಬಂದು ಎರಡೂ ಟೈಟಲ್ ಕಿತ್ಕೊಂಡು ಟೀಮನ್ನ ಸೀರಿ ಬಿಗೆ, ಅಂದ್ರೆ ಇಟಲಿಯ ಎರಡನೇ ದರ್ಜೆ ಲೀಗಿಗೆ ಇಳಿಸಿದ್ರು. ಕಿತ್ರೂ ಗುರ್ತು ಹೋಗಿಲ್ಲ ಅಂತ ಅವನ ಸಮಾಧಾನ.

ಯಾರಿಗೆ ಯಾವ ಜೆರ್ಸಿ ಅನ್ನೋದ್ರಲ್ಲೇ ಒಂದು ರೌಂಡ್ ಜಗಳ. ಬರ್ತ್‌ಡೇ ಹುಡುಗ ಮಾಲ್ಮೋನೇ ಬೇಕು ಅಂದ, ಜ್ಲಾಟಾನ್ ಹುಟ್ಟೂರಿನ ಕ್ಲಬ್ಬು, ರೋಸೆನ್‌ಗೋರ್ಡ್ ಅನ್ನೋ ವಲಸೆ ಬಂದೋರ ಏರಿಯಾದಲ್ಲಿ ಬೆಳ್ದು ಬೋಸ್ನಿಯಾದ ಅಪ್ಪ ಕ್ರೊವೇಷಿಯಾದ ಅಮ್ಮನ ಮಗ ಆಗಿ ಅಲ್ಲಿಂದ ಶುರು ಮಾಡಿದ್ದು. ಬರ್ತ್‌ಡೇ ಹುಡುಗನದಕ್ಕೆ ವಯಸ್ಸಿನ ಲೆಕ್ಕದಲ್ಲಿ 30 ಹಾಕ್ಸಿದ್ವಿ. ಅದೇ ಮಾಲ್ಮೋದಲ್ಲಿ 2019ರಲ್ಲಿ ಜ್ಲಾಟಾನ್ ಪ್ರತಿಮೆ ನಿಲ್ಲಿಸಿದ್ರು, ಕೆಲವೇ ವಾರಕ್ಕೆ ಇವನು ಸ್ಟಾಕ್‌ಹೋಮ್‌ನ ಎದುರಾಳಿ ಹಮ್ಮರ್ಬಿ ಕ್ಲಬ್ಬಲ್ಲಿ ಪಾಲು ತಗೊಂಡ, ಊರೋರು ಕೆರಳಿ ಕೊನೆಗೆ ಪ್ರತಿಮೆ ಕಾಲು ಕತ್ತರಿಸಿ ಬೀಳ್ಸಿದ್ರು. ಅಭಿಮಾನಿಗಳ ಪ್ರೀತಿ ಅಂದ್ರೆ ಹಿಂಗೇ ಅಪ್ಪ.

ಬಾರ್ಸಾ ಜೆರ್ಸಿ ಯಾರಿಗೂ ಬೇಡ! ಒಂದೇ ವರ್ಷ ಆಡಿದ್ದು, ಸ್ಟ್ರೈಕರ್ ಎಟೋನ ಇಂಟರ್‌ಗೆ ಕೊಟ್ಟು ಮೇಲೆ 46 ಮಿಲಿಯನ್ ಯೂರೋ ಸುರಿದು ತಂದ್ರು, ಮೊದಲ ಐದು ಲೀಗ್ ಮ್ಯಾಚಲ್ಲೂ ಗೋಲ್ ಹೊಡ್ದ, ನವೆಂಬರಲ್ಲಿ ಸಬ್ಸ್ಟಿಟ್ಯೂಟ್ ಆಗಿ ಬಂದು ರಿಯಲ್ ಮ್ಯಾಡ್ರಿಡ್ ಮೇಲೆ ಗೆಲುವಿನ ಗೋಲೂ ಹೊಡ್ದ, ಆದ್ರೂ ಕೋಚ್ ಗಾರ್ಡಿಯೋಲಾ ಜೊತೆ ಆಗ್ಲಿಲ್ಲ. ಅದಕ್ಕಿಂತ ಹೊಟ್ಟೆ ಉರಿಯೋದು ಏನು ಅಂದ್ರೆ ಯುರೋಪಿನ ಕ್ಲಬ್ಬುಗಳ ದೊಡ್ಡ ಕಪ್ ಚಾಂಪಿಯನ್ಸ್ ಲೀಗ್ ಗೆಲ್ಬೇಕು ಅಂತ ಇಂಟರ್ ಬಿಟ್ಟು ಬಂದ, 2010ರ ಸೆಮಿಫೈನಲಲ್ಲಿ ಅದೇ ಇಂಟರ್ ಬಾರ್ಸಾನ ಮನೆಗೆ ಕಳ್ಸಿ ಕಪ್ ಎತ್ತಿತು. ಇವನು ರಿಟೈರ್ ಆಗೋವರೆಗೂ ಆ ಕಪ್ ಮುಟ್ಲಿಲ್ಲ. ಕೊನೆಗೆ ಚೀಟಿ ಎತ್ತಿ ಬಾರ್ಸಾ ಜೆರ್ಸಿನ ಗೋಲ್‌ಕೀಪರ್ ತಲೆಗೆ ಕಟ್ಟಿದ್ವಿ.

ಗ್ಯಾಲಕ್ಸಿ ಬಿಳಿ ಜೆರ್ಸಿ ಸಬ್ಸ್ಟಿಟ್ಯೂಟ್ ಒಬ್ಬನಿಗೆ, ಇದನ್ನ ಬೇಕು ಅಂತಲೇ ಮಾಡಿದ್ದು. 2018ರ ಮಾರ್ಚ್ 31, ಅಮೆರಿಕದಲ್ಲಿ ಜ್ಲಾಟಾನ್‌ನ ಮೊದಲ ಮ್ಯಾಚು, ಎದುರಿಗೆ ಅದೇ ಊರಿನ ಇನ್ನೊಂದು ಕ್ಲಬ್ ಎಲ್‌ಎಎಫ್‌ಸಿ, ಗ್ಯಾಲಕ್ಸಿ 3-0 ಹಿಂದೆ ಬಿದ್ದಿತ್ತು, 71ನೇ ನಿಮಿಷಕ್ಕೆ ಬೆಂಚಿಂದ ಎದ್ದು ಬಂದ, ಮೂವತ್ತಾರು ವಯಸ್ಸು, ಮಂಡಿ ಆಪರೇಷನ್ ಆಗಿ ಒಂದು ವರ್ಷ ಕೂಡ ಆಗಿರ್ಲಿಲ್ಲ, ಟೀಮಿನವರು ಎರಡು ಗೋಲ್ ತೀರಿಸಿದ್ಮೇಲೆ ಇವನು ದೂರದಿಂದ ಒಂದು ವಾಲಿ ಹೊಡ್ದು 3-3, ಕೊನೇ ಗಳಿಗೇಲಿ ಹೆಡ್ಡರ್, 4-3. ನಮ್ಮ ಸಬ್ಸ್ಟಿಟ್ಯೂಟ್‌ಗೆ ಇದನ್ನೆಲ್ಲ ಹೇಳಿ ಹುರಿದುಂಬಿಸಿ ಇಳಿಸಿದ್ವಿ, ಎರಡೇ ನಿಮಿಷಕ್ಕೆ ತೊಡೆ ಹಿಡ್ಕೊಂಡು ಆಚೆ ಬಂದ.

ಮಿಲಾನ್ ಜೆರ್ಸಿಗೆ ಮಾತ್ರ ನನ್ನ ಕಂಪ್ಲೇಂಟ್ ಇಲ್ಲ. ಕೆಂಪು ಕಪ್ಪು ಪಟ್ಟೆ, ಬಿಳಿ 11, ಕಿತ್ತು ಹಾಕಿದ್ರೂ ಗುರ್ತು ಕಾಣ್ತಿಲ್ಲ, ಯಾಕಂದ್ರೆ 10ರ 1 ಮೇಲೆ ಹೊಸ 1 ಕೂತುಬಿಟ್ಟಿದೆ. 2011ರಲ್ಲಿ ಅಲ್ಲಿ ಲೀಗ್ ಗೆದ್ದ, ಊರೆಲ್ಲ ಸುತ್ತಿ 2020ರಲ್ಲಿ ವಾಪಸ್ ಬಂದ, 2022ರಲ್ಲಿ ನಲವತ್ತು ದಾಟಿದ ಮೇಲೆ ಮತ್ತೆ ಗೆದ್ದ, 2023ರ ಜೂನಲ್ಲಿ ಅಲ್ಲೇ ಬೂಟ್ ಬಿಚ್ಚಿದ.

ಮೂರು ಸಲ ವಾಶ್ ಆಗಿದೆ. ಒಳಗಿನ ಮಗ್ಗಲು ಆಚೆ ಮಾಡಿ ತಣ್ಣೀರಲ್ಲಿ ಒಗೀರಿ, ನಂಬರ್ ಮೇಲೆ ಐರನ್ ಇಡ್ಲೇಬೇಡಿ. ಎರಡನೇ ಸಲ ಅಂಟ್ಸಿದ ನಂಬರ್‌ಗಳ ಅಂಚು ಪ್ಯಾರಿಸ್ ಜೆರ್ಸಿಲಿ ಆಗ್ಲೇ ಸ್ವಲ್ಪ ಎದ್ದಿದೆ. ಹೆಸ್ರು ಸರಿ ಮಾಡೋಕೆ ಬರೀ ಕೊನೇ ಎಚ್ ಕಿತ್ರು, ಹಂಗಾಗಿ ಎಲ್ಲರ ಹೆಸ್ರೂ ಸ್ವಲ್ಪ ಎಡಕ್ಕೆ ವಾಲಿದೆ. ಸೈಜ್ ಒಂದು ನಂಬರ್ ದೊಡ್ಡದೇ ಹೇಳಿ, ಅವರ ಎಲ್ ಅಂದ್ರೆ ನಮ್ಮ ಎಂ. ಬಟ್ಟೆಗೆ 5ಕ್ಕೆ 4.5, ಪ್ರಿಂಟಿಗೆ 2, ಟೈಮಿಗೆ 1, ತಪ್ಪು ಒಪ್ಕೊಂಡು ಸರಿ ಮಾಡಿದ್ದಕ್ಕೆ 4. ಆರ್ಡರ್ ಕೊಡೋದಾದ್ರೆ ಪ್ರೆಸ್ ಮಾಡೋಕೆ ಮುಂಚೆ ಫೋಟೋ ಕಳ್ಸು ಅಂತ ಹೇಳಿ, ಅಡ್ವಾನ್ಸ್ ಅರ್ಧಕ್ಕಿಂತ ಜಾಸ್ತಿ ಕೊಡ್ಬೇಡಿ.

ಮೊನ್ನೆ ಎದುರಾಳಿ ಟೀಮಿನವರು ನಮ್ಮ ಜೆರ್ಸಿ ನೋಡಿ ತಮಗೂ ಹಿಂಗೇ ರೊನಾಲ್ಡೋದು ಬೇಕು ಅಂದ್ರು, ನಾನೇ ಅಂಗಡಿಗೆ ಕರ್ಕೊಂಡು ಹೋದೆ. ಹುಡುಗ ಖುಷಿಯಾಗಿ "ಇದು ಈಜಿ ಅಣ್ಣ, ಎಲ್ಲಾ ಸೆವೆನ್ ತಾನೆ" ಅಂದ. ತಡಿ ಮಾರಾಯಾ, ಪೋರ್ಚುಗಲ್ಲಿನ ಸ್ಪೋರ್ಟಿಂಗಲ್ಲಿ 28, ಮ್ಯಾಡ್ರಿಡಲ್ಲಿ ಮೊದಲ ವರ್ಷ 7 ರೌಲ್ ಹತ್ರ ಇತ್ತು ಅಂತ 9 ಅಂದೆ. ಹುಡುಗ ಈ ಸಲ ಪೆನ್ ತಗೊಂಡ.