ಅಪ್ಪನ ವೆಬ್ಲಿ ರಿವಾಲ್ವರ್: ಹನ್ನೊಂದು ವರ್ಷದ ಬಳಕೆ, ಒಂದು ‘ಟಕ್’

ತಿಕೋಟಾ ಹತ್ತಿರ ನಮ್ಮ ದ್ರಾಕ್ಷಿ ತೋಟ. ಅಪ್ಪ ತೀರಿಕೊಂಡ ಮೇಲೆ ಅವರ ವೆಬ್ಲಿ ಅಂಡ್ ಸ್ಕಾಟ್, .32 ಬೋರ್ (ನಳಿಗೆಯ ಅಳತೆ), ಲೈಸೆನ್ಸ್ ಸಮೇತ ನನ್ನ ಹೆಸರಿಗೆ ಬಂತು. ಹನ್ನೊಂದು ವರ್ಷವಾಯಿತು. ಹೋದ ವರ್ಷ ಇದು ನನಗೆ ಕೊಟ್ಟ ತಲೆನೋವು ಅಷ್ಟಿಷ್ಟಲ್ಲ.

ಗುರಿ ಅಭ್ಯಾಸದ ರೇಂಜಿನಲ್ಲಿ ಆರು ಗುಂಡು ಹಾಕಿದರೆ ನಾಲ್ಕು ಸಿಡಿಯುತ್ತಿದ್ದವು. ಉಳಿದೆರಡು ಬರೀ ‘ಟಕ್’. ಹಾಗಾದಾಗ ತಕ್ಷಣ ತೆರೆಯಬಾರದು. ನಳಿಗೆ ಗುರಿಯ ಕಡೆಗೇ ಇರಲಿ, 30 ಸೆಕೆಂಡಾದರೂ ಕಾಯಿರಿ. ಮದ್ದು ತಡವಾಗಿ ಹತ್ತಿಕೊಳ್ಳಬಹುದು.

ಗುಂಡು ಹಳೆಯದಿರಬೇಕು ಅಂದುಕೊಂಡೆ. ಹೊಸ ಪೆಟ್ಟಿಗೆ ತಂದೆ, ಮತ್ತೆ ಟಕ್. ಸಿಡಿಯದ ಗುಂಡಿನ ತಳ ನೋಡಿದೆ. ಒಣ ಜೋಳದ ಕಾಳಿಗೆ ಉಗುರು ಒತ್ತಿದರೆ ಎಷ್ಟು ಗುರುತು ಬೀಳುತ್ತದೋ, ಮದ್ದಿಗೆ ಕಿಡಿ ಕೊಡುವ ಪ್ರೈಮರ್ ಮೇಲೆ ಅಷ್ಟೇ ತಗ್ಗು. ಅಂದರೆ ಅದನ್ನು ಹೊಡೆಯುವ ಹ್ಯಾಮರಿನ ಪೆಟ್ಟೇ ಸಾಲದು. ಲೈಸೆನ್ಸ್ ಇರುವ ಗನ್ ರಿಪೇರಿಯವರ ಹತ್ತಿರ ಒಯ್ದೆ. ಹಿಡಿಕೆ ಬಿಚ್ಚಿದರೆ ಒಳಗೆ ಹೊಲಿಗೆ ಯಂತ್ರದ ಎಣ್ಣೆ ಬೆಲ್ಲದ ಪಾಕದ ಹಾಗೆ ಗಟ್ಟಿಯಾಗಿ ಕೂತಿತ್ತು. ಅಪ್ಪ ಪ್ರೀತಿಯಿಂದ ಬಿಟ್ಟ ಎಣ್ಣೆ ಅದು. ಹ್ಯಾಮರ್ ತಳ್ಳುವ ಸ್ಪ್ರಿಂಗ್ ಕೂಡ ಸೋತಿತ್ತು. ಇಂಗ್ಲೆಂಡಿನ ಹಳೆಯ ವೆಬ್ಲಿ ಕಾರ್ಖಾನೆ ಬಂದೂಕು ಮಾಡುವುದನ್ನು 1979ರಲ್ಲೇ ನಿಲ್ಲಿಸಿತು, ಇದಕ್ಕೆ ಬಿಡಿಭಾಗ ಎಲ್ಲಿಂದ ಬರಬೇಕು? ರಿಪೇರಿಯವರೇ ಸ್ಪ್ರಿಂಗ್ ಮಾಡಿಕೊಟ್ಟರು. ನಾಲ್ಕು ಸಲ ಓಡಾಡಿದೆ.

ಈ ನಡುವೆ ಒಂದು ಅಂಗಡಿಯಲ್ಲಿ ಪಿಸ್ತೂಲಿಗೆ ಹಾಕುವ ‘.32 ಎಸಿಪಿ’ ಅನ್ನುವ ಗುಂಡು ತೋರಿಸಿ, ‘ಎರಡೂ ಮೂವತ್ತೆರಡೇ ಅಲ್ವಾ, ಕೂರುತ್ತೆ ತಗೊಳ್ಳಿ’ ಅಂದರು. ನನಗೆ ಸಿಟ್ಟು ಬಂದದ್ದು ಅಲ್ಲಿ. ಕೂರುತ್ತೆ ನಿಜ. ಆದರೆ ಸಿಡಿದಾಗ ಅದರ ಒತ್ತಡದ ಮಿತಿ ಚದರ ಇಂಚಿಗೆ 20,500 ಪೌಂಡ್. ನಮಗೆ ಬೇಕಾದ ರಿವಾಲ್ವರ್ ಗುಂಡು, .32 ಸ್ಮಿತ್ ಅಂಡ್ ವೆಸನ್ ಲಾಂಗಿನದು 15,000. ಅಷ್ಟು ಹಳೆಯ ಕಬ್ಬಿಣಕ್ಕೆ ಆ ಹೊಡೆತ ಯಾಕೆ ಕೊಡಬೇಕು? ನಾನು ಹಾಕುವುದು ಪುಣೆ ಹತ್ತಿರದ ಖಡಕಿ ಕಾರ್ಖಾನೆಯ ಕೆಎಫ್ ಗುರುತಿನ ಗುಂಡು, 98 ಗ್ರೇನ್ (ಸುಮಾರು ಆರು ಗ್ರಾಂ) ತೂಕದ ಸೀಸದ್ದು. ನಳಿಗೆಯಲ್ಲಿ ಸೀಸ ಹತ್ತುತ್ತದೆ, ಉಜ್ಜಬೇಕು, ಅಷ್ಟೇ.

ಉಜ್ಜುವ ಕೆಲಸ ನನಗೆ ಬೇಸರವೂ ಅಲ್ಲ. ಭಾನುವಾರ ಬೆಳಿಗ್ಗೆ ಚಹಾ ಮುಗಿಸಿ, ಕೋಣೆ ಬಾಗಿಲು ಹಾಕಿ ಕೂರುತ್ತೇನೆ. ಹೆಬ್ಬೆರಳಿಂದ ಚಿಲಕ ಒತ್ತಿದರೆ ರಿವಾಲ್ವರ್ ನಡುವಿನಲ್ಲೇ ಬಾಗಿ ತೆರೆದುಕೊಳ್ಳುತ್ತದೆ. ಗುಂಡು ಕೂರುವ ಆರೂ ಮನೆ ಖಾಲಿ ಇವೆಯಾ ಅಂತ ಕಣ್ಣಿಂದ ನೋಡಿ, ಬೆರಳಿಂದ ಮುಟ್ಟಿ, ಆಮೇಲೆ ಕೆಲಸ. ಅಪ್ಪನ ಹಳೆ ಧೋತರದ ಚೂರು, ಎರಡೇ ಹನಿ ಗನ್ ಎಣ್ಣೆ. ಜಾಸ್ತಿ ಬೇಡ. ತೊಗಲಿನ ಚೀಲದಲ್ಲಿ ಇಡುವುದನ್ನೂ ಬಿಟ್ಟೆ. ಮಳೆಗಾಲದಲ್ಲಿ ತೊಗಲು ತೇವ ಹಿಡಿದು ನಳಿಗೆ ಮೇಲೆ ತುಕ್ಕಿನ ಚುಕ್ಕೆ ಎದ್ದಿತ್ತು.

ಹೊಸದಾಗಿ ಕೊಳ್ಳುವವರಿಗೆ ನಾನು ಹಳೆಯ ವೆಬ್ಲಿ ಹೇಳುವುದಿಲ್ಲ. ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್ ತಗೊಳ್ಳಿ, ರಿಪೇರಿ ಸುಲಭ. ನನ್ನದನ್ನು ಮಾತ್ರ ಕೊಡಲಾರೆ. ಹೋದ ತಿಂಗಳು ರೇಂಜಿನಲ್ಲಿ 24 ಗುಂಡು ಹೊಡೆದೆ, ಇಪ್ಪತ್ನಾಲ್ಕೂ ಸಿಡಿದವು.