ಸರ್ಕಿಟ್ ಸುತ್ತೋ, ಬಿಡುವು ಕೊಟ್ಟು ಎತ್ತುವ ಭಾರವೋ?

ಬದಿಯಡ್ಕದಲ್ಲಿ ಅಂಗಡಿ ಮುಚ್ಚಿ ಬರುವ ನನ್ನ ಗೆಳೆಯನಿಗೆ ಸಂಜೆ ಸಿಗುವುದು ಅರ್ಧ ಗಂಟೆ. ಸ್ನಾಯು ಬೆಳೆಸಲು ಯಾವ ದಾರಿ ಎಂದು ಕೇಳುತ್ತಾನೆ.

1953ರಲ್ಲಿ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಸರ್ಕಿಟ್ ಪದ್ಧತಿಯಲ್ಲಿ ಬಸ್ಕಿ, ದಂಡ, ಡಂಬೆಲ್ ಎಳೆತ ಎಲ್ಲವೂ ಒಂದರ ಬೆನ್ನಿಗೊಂದು; ಎಲ್ಲ ಮುಗಿದರೆ ಒಂದು ಸುತ್ತು, ಮತ್ತೆ ಮೊದಲಿನಿಂದ. ಸಮಯ ಉಳಿಯುತ್ತದೆ, ದಮ್ಮು ಹೆಚ್ಚುತ್ತದೆ. ತೊಡಕೂ ಅಲ್ಲೇ ಇದೆ: ಮೂರನೆಯ ಸುತ್ತಿಗೆ ತೊಡೆ ಸೋಲುವ ಮೊದಲೇ ಉಸಿರು ಸೋಲುತ್ತದೆ. ನಮ್ಮ ಸೆಕೆಯಲ್ಲಂತೂ ಡಂಬೆಲ್ ಬೆವರಿಗೆ ಜಾರುತ್ತದೆ. ನಾನು ಬೈರಾಸು ಹೆಗಲಿಗೆ ಹಾಕಿಕೊಂಡೇ ನಿಲ್ಲುತ್ತೇನೆ.

ಒಂದೇ ವ್ಯಾಯಾಮವನ್ನು ನಡುನಡುವೆ 2 ನಿಮಿಷ ಬಿಡುವು ಕೊಟ್ಟು ಕೆಲವು ಸರದಿ ಮಾಡಿ ಮುಗಿಸಿ, ಆಮೇಲೆ ಮುಂದಿನದಕ್ಕೆ ಹೋಗುವ ಹಳೆಯ ಕ್ರಮದಲ್ಲಿ ಹೆಚ್ಚು ಭಾರ ಎತ್ತಬಹುದು. ಗಾತ್ರವೇ ಗುರಿಯಾದರೆ, ದಿನಕ್ಕೊಂದು ಗಂಟೆ ಇದ್ದರೆ, ನನ್ನ ಮತ ಇದಕ್ಕೇ.

ಗೆಳೆಯನಿಗೆ ಮಾತ್ರ ಸರ್ಕಿಟನ್ನೇ ತಿದ್ದಿಕೊಟ್ಟಿದ್ದೇನೆ: ನಾಲ್ಕೇ ವ್ಯಾಯಾಮ, ಕಾಲಿನ ನಂತರ ಕೈ, ನಡುವೆ ಒಂದು ನಿಮಿಷ, 8ರಿಂದ 12 ಸಲಕ್ಕೆ ಸ್ನಾಯು ದಣಿಯುವಷ್ಟು ಭಾರ. 12 ಸುಲಭವಾದ ದಿನ ಭಾರ ಏರಿಸಲೇಬೇಕು. ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 1.6 ಗ್ರಾಂ ಪ್ರೋಟೀನ್ ಕೂಡ ಬೇಕು. ನೀರುದೋಸೆಯಿಂದ ಅದು ಬಾರದು. ತಟ್ಟೆಯಲ್ಲಿ ಹೆಸರುಕಾಳು, ಮೊಟ್ಟೆ, ಬಂಗುಡೆ ಇರಲಿ.