ಆರನೆಯ ಸ್ವರದ ಕಾಟ: ಜೂನೋ-106 ಮತ್ತು ಪಾಲಿಸಿಕ್ಸ್

ನಾನು ಕೊಂಡ ಎರಡು ಹಳೆಯ ಸಿಂಥಸೈಜರ್‌ಗಳಲ್ಲಿ, ಅಂದರೆ ವಿದ್ಯುತ್ತಿನಿಂದ ನಾದ ಹುಟ್ಟಿಸುವ ಕೀಬೋರ್ಡುಗಳಲ್ಲಿ, ಪಾಲಿಸಿಕ್ಸ್ ನನ್ನ ಮೇಜಿನ ಮೇಲೆ ಉಳಿದುಕೊಂಡಿದೆ, ಜೂನೋ-106 ಮನೆ ಬಿಟ್ಟು ಹೋಗಿದೆ. ತೀರ್ಪನ್ನು ಮೊದಲೇ ಹೇಳಿಬಿಟ್ಟಿದ್ದೇನೆ. ಮುಂದಿನದನ್ನು ಓದುವವರು ನನ್ನ ಪಕ್ಷಪಾತಕ್ಕೆ ಒಂದಿಷ್ಟು ಕಳೆದುಕೊಂಡೇ ಓದಲಿ.

ಪಾಲಿಸಿಕ್ಸ್ 1981ರದ್ದು, ಜೂನೋ-106 1984ರದ್ದು. ಎರಡರಲ್ಲೂ ಆರು ವಾಯ್ಸ್, ಅಂದರೆ ಒಂದು ಸಲಕ್ಕೆ ಒಂದು ಸ್ವರ ನುಡಿಸುವ ಆರು ಘಟಕಗಳು; ವಾಯ್ಸ್‌ಗೆ ನಾದ ಹುಟ್ಟಿಸುವ ಆಸಿಲೇಟರ್ ಒಂದೇ. ಕೀಯನ್ನು ಸವರಿದರೂ ಗುದ್ದಿದರೂ ಎರಡರಲ್ಲೂ ಸದ್ದು ಒಂದೇ ಮಟ್ಟದ್ದು. ಪ್ರಾಫೆಟ್-5, ಜುಪಿಟರ್-8ರಂಥ ದುಬಾರಿ ಸಿಂಥಸೈಜರ್‌ಗಳು ನನ್ನ ಜೇಬಿಗೆ ಎಟುಕುವ ಮಾತಲ್ಲ. ಹೀಗಾಗಿ ಆಯ್ಕೆ ಇವೆರಡಕ್ಕೇ ಇಳಿದಿತ್ತು.

ಮೊದಲು ಕೊಂಡದ್ದು ಜೂನೋ. ಮಾರುವವರು ನಿಧಾನವಾಗಿ ಏಳುವ ಒಂದು ದಟ್ಟ ನಾದವನ್ನು, ನಾದಕ್ಕೆ ಅಗಲ ಕೊಡುವ ಕೋರಸ್ ಹಾಕಿ ನುಡಿಸಿ ತೋರಿಸಿದರು. ಅದರ ಕೋರಸ್‌ಗೆ ಮರುಳಾಗದವರು ಕಡಿಮೆ, ನಾನೂ ಮರುಳಾದೆ. ಆ ಕೋರಸ್‌ನ ಜೊತೆಗೆ ಸದಾ ಒಂದು ಸಣ್ಣ ಸುಯ್ಯೆನ್ನುವ ಸದ್ದು ಇರುತ್ತದೆ ಎಂಬುದು ಗೊತ್ತಿತ್ತು. ಆ ಸುಯ್ಯೆನ್ನುವಿಕೆಯ ಅಡಿಯಲ್ಲಿ ಇನ್ನೇನೋ ಅಡಗಿರಬಹುದು ಎಂದು ಮಾತ್ರ ಹೊಳೆಯಲಿಲ್ಲ. ಕೋರಸ್ ನಿಲ್ಲಿಸಿ ಕೇಳಿಸಿ ಎಂದು ಕೇಳದೆ ಹಣ ಎಣಿಸಿದವನು ನಾನೇ.

ಮನೆಯಲ್ಲಿ ಎರಡನೆಯ ದಿನ ಒಂದು ಕೀ ಚಟಪಟ ಎಂದಿತು. ಕೀಯ ಕೆಳಗಿನ ಸಂಪರ್ಕದಲ್ಲಿ ಧೂಳು ಕೂತಿರಬೇಕು ಎಂದುಕೊಂಡು ಬಿಚ್ಚಿ ಒರೆಸಿದೆ. ಮತ್ತೆ ಜೋಡಿಸಿ ನುಡಿಸಿದರೆ ಆ ಕೀ ಸ್ವಚ್ಛವಾಗಿತ್ತು, ಪಕ್ಕದ್ದು ಚಟಪಟ ಎನ್ನತೊಡಗಿತು. ಅದನ್ನೂ ಒರೆಸಿದೆ. ಸದ್ದು ಮೇಲಿನ ಸಪ್ತಕಕ್ಕೆ ನೆಗೆಯಿತು. ಒಂದು ವಾರ ಹೀಗೇ ಕಳೆಯಿತು. ಒರೆಸಿದಲ್ಲೆಲ್ಲ ವಾಸಿ, ಒರೆಸದಲ್ಲೆಲ್ಲ ರೋಗ. ನಾನು ಯಂತ್ರವನ್ನು ರಿಪೇರಿ ಮಾಡುತ್ತಿದ್ದೇನೋ, ಅದು ನನ್ನನ್ನು ಆಟವಾಡಿಸುತ್ತಿದೆಯೋ ತಿಳಿಯದಾಯಿತು.

ಕೊನೆಗೊಂದು ರಾತ್ರಿ ಬೇಸರದಿಂದ ಒಂದೇ ಕೀಯನ್ನು ಸುಮ್ಮನೆ ಬಡಿಯುತ್ತ ಕುಳಿತಿದ್ದೆ. ಚಟಪಟ ಬಂತು, ಹೋಯಿತು, ಮತ್ತೆ ಬಂತು. ಬೆರಳು ಮಡಚಿ ಎಣಿಸಿದೆ. ಪ್ರತಿ ಆರನೆಯ ಸಲ! ಪಾಲಿ-1 ಎಂಬ ವಿಧಾನದಲ್ಲಿ ಜೂನೋ ತನ್ನ ಆರು ವಾಯ್ಸ್‌ಗಳನ್ನು ಒತ್ತಿದ ಕೀಗಳಿಗೆ ಸರದಿಯಂತೆ ಹಂಚುತ್ತದೆ. ಕೆಟ್ಟಿದ್ದು ಕೀ ಅಲ್ಲ, ಸರದಿಯಲ್ಲಿ ನಿಂತಿದ್ದ ಒಂದು ವಾಯ್ಸ್.

ಇದರ ಕಾರಣ ಈ ಮಾದರಿಯನ್ನು ಬಲ್ಲವರಿಗೆಲ್ಲ ಗೊತ್ತು, ನಾನು ಕೇಳಿಕೊಂಡಿದ್ದು ತಡವಾಗಿ. ಪ್ರತಿ ವಾಯ್ಸ್‌ನ ಫಿಲ್ಟರ್ (ನಾದದ ಬಣ್ಣ ತಿದ್ದುವ ಸರ್ಕ್ಯೂಟ್) ಮತ್ತು ಧ್ವನಿಮಟ್ಟದ ಸರ್ಕ್ಯೂಟ್ 80017ಎ ಎಂಬ ಒಂದೇ ಬಿಡಿಭಾಗದೊಳಗೆ ಇರುತ್ತದೆ. ಅದರ ಮೇಲೆ ರಾಳದಂಥ ಲೇಪನವಿದೆ. ವರ್ಷಗಳು ಉರುಳಿದಂತೆ ಆ ಲೇಪನದ ಮೂಲಕವೇ ವಿದ್ಯುತ್ ಸೋರತೊಡಗುತ್ತದೆ. ಆಗ ಸ್ವರ ಚಟಪಟ ಎನ್ನುತ್ತದೆ, ಇಲ್ಲವೇ ಕೈ ಎತ್ತಿದರೂ ನಿಲ್ಲದೆ ಗುಂಯ್ಗುಡುತ್ತದೆ, ಇಲ್ಲವೇ ಮೂಕವಾಗುತ್ತದೆ. ಭಾಗವನ್ನು ಕಿತ್ತು ಅಸಿಟೋನ್‌ನಲ್ಲಿ ನೆನೆಹಾಕಿ ಲೇಪನ ಕಳಚಿದರೆ ಕೆಲವು ಬದುಕುತ್ತವೆ. ನನ್ನದು ಬದುಕಲಿಲ್ಲ. ಈಗ ಹೊಸದಾಗಿ ತಯಾರಿಸುವ ಬದಲಿ ಭಾಗಗಳು ಸಿಗುತ್ತವೆ, ಒಂದನ್ನು ತರಿಸಿ ಹಾಕಿಸಿದೆ. ನಾಲ್ಕು ತಿಂಗಳಲ್ಲಿ ಇನ್ನೊಂದು ವಾಯ್ಸ್ ಮಂಕಾಯಿತು. ಆರೂ ಒಂದೇ ವಯಸ್ಸಿನವು, ಒಂದನ್ನು ಬದಲಿಸಿ ನೆಮ್ಮದಿಯಾಗಿರುತ್ತೇನೆ ಎಂದುಕೊಂಡದ್ದು ನನ್ನ ಭ್ರಮೆ. ಆರನ್ನೂ ಬದಲಿಸಿ ಮುಗಿಸುವ ಹೊತ್ತಿಗೆ ನಾನು ಹಾಕಿಕೊಂಡಿದ್ದ ಖರ್ಚಿನ ಮಿತಿ ಎಲ್ಲಿಯೋ ಹಿಂದೆ ಉಳಿದಿತ್ತು. ತಯಾರಿಸಿದವರನ್ನು ದೂರುವಂತಿಲ್ಲ. ನಲವತ್ತು ದಾಟಿದ ಯಂತ್ರ, ನಲವತ್ತು ದಾಟಿದವರ ಮಂಡಿಯಂತೆಯೇ ಇರುತ್ತದೆ.

ಪಾಲಿಸಿಕ್ಸ್‌ಗೂ ತನ್ನದೇ ಶಾಪವಿದೆ. ಹೊಂದಿಸಿಟ್ಟ ನಾದಗಳನ್ನು ನೆನಪಿಡುವ ಅದರ ಮೆಮೊರಿಯನ್ನು ಉಳಿಸುವ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯನ್ನು ಬೋರ್ಡಿಗೇ ಬೆಸೆದಿದ್ದಾರೆ. ಅದು ಸೋರಿದರೆ ಸುತ್ತಲಿನ ತಾಮ್ರದ ಗೆರೆಗಳನ್ನು ತಿಂದುಹಾಕುತ್ತದೆ. ಆಮೇಲೆ ಯಾವ ಗುಂಡಿ ಒತ್ತಿದರೆ ಏನಾಗುತ್ತದೆ ಎಂದು ಹೇಳಲಾಗದು. ಒಮ್ಮೆ ಪೆಟ್ಟು ತಿಂದವನಾದ್ದರಿಂದ ಈ ಸಲ ಒಳಗನ್ನು ತೆರೆಸಿ ನೋಡಿದ ಮೇಲೆಯೇ ಮಾತಾಡಿದೆ. ಹಿಂದಿನ ಒಡೆಯರು ಬ್ಯಾಟರಿಯನ್ನು ಎಂದೋ ತೆಗೆಸಿ ಬೇರೆ ಹಾಕಿಸಿದ್ದರು, ಬೋರ್ಡು ಶುದ್ಧವಾಗಿತ್ತು. ಇದು ನನ್ನ ಅದೃಷ್ಟ, ಯಂತ್ರದ ಗುಣವಲ್ಲ. ತುಕ್ಕು ಹಿಡಿದ ಪಾಲಿಸಿಕ್ಸ್ ಕೈಗೆ ಸಿಕ್ಕಿದ್ದರೆ ಈ ಬರಹ ತಲೆಕೆಳಗಾಗುತ್ತಿತ್ತೋ ಏನೋ.

ನಾದದ ಮಾತಿಗೆ ಬಂದರೆ, ಜೂನೋದ ಆಸಿಲೇಟರ್‌ಗಳನ್ನು ಕರಾರುವಾಕ್ಕಾಗಿ ಮಿಡಿಯುವ ಡಿಜಿಟಲ್ ಗಡಿಯಾರದ ಸರ್ಕ್ಯೂಟ್ ಹಿಡಿದು ನಡೆಸುತ್ತದೆ. ಬೆಳಿಗ್ಗೆ ಹಾಕಿದ ಕ್ಷಣದಿಂದ ಶ್ರುತಿ ಅಲುಗದು. ಪಾಲಿಸಿಕ್ಸ್‌ನವು ವೋಲ್ಟೇಜಿನಿಂದ ನಡೆಯುವವು, ಬೆಚ್ಚಗಾಗುವವರೆಗೆ ಸ್ವಲ್ಪ ಹೊತ್ತು ಬಿಡಬೇಕು. ಆದರೆ ಯೂನಿಸನ್ ಒತ್ತಿ ಒಂದೇ ಕೀಗೆ ಆರೂ ವಾಯ್ಸ್‌ಗಳನ್ನು ಕಟ್ಟಿದಾಗ ವ್ಯತ್ಯಾಸ ಕೇಳಿಸುತ್ತದೆ. ಪಾಲಿಸಿಕ್ಸ್‌ನ ಆರು ಸ್ವರಗಳು ಕೂದಲೆಳೆಯಷ್ಟು ಸರಿದುಕೊಂಡು ಒಂದರ ಮೇಲೊಂದು ಅಲೆ ಎಬ್ಬಿಸುತ್ತವೆ. ಜೂನೋದಲ್ಲಿ ಆರೂ ಒಂದೇ ಗೆರೆಗೆ ಅಂಟಿಕೊಂಡು ದಪ್ಪಗಾಗುತ್ತವೆಯೇ ಹೊರತು ಜೀವ ಬರುವುದಿಲ್ಲ. ಪಾಲಿಸಿಕ್ಸ್‌ನ ಎನ್ಸೆಂಬಲ್ ಎಂಬ, ಕೋರಸ್‌ನಂಥದೇ ಪರಿಣಾಮ ಹಾಕಿ ಎರಡು ಕೈಯಲ್ಲಿ ನಿಧಾನವಾಗಿ ನುಡಿಸಿದಾಗ ಬರುವ ತಂತಿವಾದ್ಯಗಳಂಥ ನಾದಕ್ಕೆ ಜೂನೋದಲ್ಲಿ ಸಾಟಿ ಇಲ್ಲ. ಜೂನೋ ಅಚ್ಚುಕಟ್ಟು. ಹಾಡಿನ ಮಧ್ಯೆ ಯಾರಿಗೂ ಅಡ್ಡ ಬರದೆ ಕೂರುವುದರಲ್ಲಿ ಅದೇ ಮೇಲು, ಇದನ್ನು ಒಪ್ಪಲೇಬೇಕು.

ಒತ್ತಿ ಹಿಡಿದ ಸ್ವರಗಳನ್ನು ತಾನಾಗಿ ಒಂದೊಂದಾಗಿ ನುಡಿಸುವ ಆರ್ಪೆಜಿಯೇಟರ್ ಪಾಲಿಸಿಕ್ಸ್‌ನಲ್ಲಿದೆ, 106ರಲ್ಲಿ ಇಲ್ಲ. ಮೆಮೊರಿಯಲ್ಲಿ ಉಳಿಸಬಹುದಾದ ನಾದಗಳು ಜೂನೋದಲ್ಲಿ 128, ಪಾಲಿಸಿಕ್ಸ್‌ನಲ್ಲಿ 32. ನಾನು ಬಳಸುವುದು ಎಂಟೋ ಒಂಬತ್ತೋ.

ವಾದ್ಯವನ್ನು ಕಂಪ್ಯೂಟರ್‌ಗೆ, ಇತರ ವಾದ್ಯಗಳಿಗೆ ಜೋಡಿಸುವ ಮಿಡಿ ಮಾತ್ರ ಜೂನೋದ ಪರವಾಗಿರುವ ನಿಜವಾದ ವಾದ. ಪಾಲಿಸಿಕ್ಸ್ ಹುಟ್ಟಿದಾಗ ಮಿಡಿಯೇ ಇರಲಿಲ್ಲ, ಬೇಕಾದವರು ಬೇರೆ ಕಿಟ್ ಹಾಕಿಸಿಕೊಳ್ಳಬೇಕು. 106ರ ಸ್ಲೈಡರ್ ಎಳೆದರೆ ಆ ಚಲನೆಯೂ ಕಂಪ್ಯೂಟರ್‌ಗೆ ದಾಖಲಾಗುತ್ತದೆ. ಕಂಪ್ಯೂಟರ್‌ನಲ್ಲಿ ಸ್ವರ ಜೋಡಿಸಿ ಕೆಲಸ ಮಾಡುವವರು ನನ್ನ ಮಾತು ಕೇಳದೆ ಜೂನೋವನ್ನೇ ಕೊಳ್ಳಲಿ, ಆರು ಭಾಗಗಳನ್ನೂ ಬದಲಿಸಿರುವುದು ಸಿಕ್ಕರೆ. ನಾನು ಕೈಯಲ್ಲಿ ನುಡಿಸಿ ನೇರವಾಗಿ ಧ್ವನಿಮುದ್ರಿಸುವವನು. ತಪ್ಪಿದರೆ ಮೊದಲಿನಿಂದ ನುಡಿಸುತ್ತೇನೆ. ನನಗೆ ಮಿಡಿಯ ಕೊರತೆ ಕಂಡಿಲ್ಲ.

ಜೂನೋವನ್ನು ಮಾರುವ ದಿನ, ನೋಡಲು ಬಂದವರು ಕೂತ ತಕ್ಷಣ ಕೋರಸ್ ಹಾಕಿ ದಟ್ಟ ನಾದ ನುಡಿಸಿ ಕಣ್ಣು ಮುಚ್ಚಿದರು. ನಾನು ಕೈ ಚಾಚಿ ಕೋರಸ್ ನಿಲ್ಲಿಸಿದೆ. ಅವರು ಏನೆಂಬಂತೆ ನೋಡಿದರು. ಒಂದೇ ಕೀಯನ್ನು ಆರು ಸಲ ಒತ್ತಿ, ಎಣಿಸುತ್ತ ಒತ್ತಿ ಎಂದೆ.